ಎರಡು ಪೌಂಡಿಗೆ ಒಂದು ಕೆಜಿ

ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಕೈಗೆ ಬಂದರೆ ಅದನ್ನು ಒಂದು ಸಲ ಮೇಲೆ ಕೆಳಗೆ ಆಡಿಸಿ ನೋಡದೆ ಚೀಲಕ್ಕೆ ಹಾಕುವವನಲ್ಲ ನಾನು. ಅಂಗಡಿಯವನು ಮುಖ ಗಂಟಿಕ್ಕುತ್ತಾನೆ, ಹಿಂದೆ ನಿಂತವರು ಗೊಣಗುತ್ತಾರೆ. ನನ್ನ ಹೆಂಡತಿ ಜಯಮ್ಮನಿಗಂತೂ ಇದು ದೊಡ್ಡ ತಮಾಷೆ. "ನಿಮ್ ಕೈಗೂ ಒಂದು ಸರ್ಕಾರಿ ಸೀಲು ಹೊಡಿಸ್ಕಂಡ್ ಬನ್ನಿ, ತಕ್ಕಡಿಗೆ ಹೊಡಿಸ್ದಂಗೆ" ಅನ್ನುತ್ತಾಳೆ. ಏನು ಮಾಡುವುದು? ಇಡೀ ದುಡಿಮೆಯ ಆಯಸ್ಸನ್ನು ತಕ್ಕಡಿಯ ಮುಂದೆ ನಿಂತು ಕಳೆದವನ ಕೈ ಸುಮ್ಮನಿರು ಅಂದರೆ ಇರುತ್ತದೆಯೇ?

ನಾನು ರಾಮನಗರದ ಒಂದು ರೇಷ್ಮೆ ಫಿಲೇಚರಿನಲ್ಲಿ ತೂಕದ ಗುಮಾಸ್ತನಾಗಿದ್ದವನು. ಫಿಲೇಚರ್ ಅಂದರೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಕಾರ್ಖಾನೆ. ಆಮೇಲೆ ಅಲ್ಲೇ ಏನೇನೋ ಹುದ್ದೆ ಕೊಟ್ಟರು, ಕುರ್ಚಿ ಕೊಟ್ಟರು, ಅದನ್ನೆಲ್ಲ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಗೂಡಿನ ಬುಟ್ಟಿಯನ್ನು ಮೆಷಿನ್ ಮೇಲೆ ಇಡುತ್ತಾರೆ, ಕೆಂಪು ಅಂಕಿ ಮೂಡುತ್ತದೆ, ಬರೆದುಕೊಳ್ಳುತ್ತಾರೆ. ಬಹಳ ಒಳ್ಳೆಯದು. ಆದರೆ ಆ ಅಂಕಿಯ ಹಿಂದೆ ಮನುಷ್ಯರು ನಿಂತಿರುತ್ತಾರೆ ಅನ್ನುವುದನ್ನು ಮೆಷಿನ್ ತೋರಿಸುವುದಿಲ್ಲ. ಅದನ್ನು ಹೇಳೋಣ ಅಂತ ಬರೆಯಲು ಕೂತಿದ್ದೇನೆ.

ನಮ್ಮ ಕೆಲಸ ಹೀಗಿತ್ತು. ಬೆಳಿಗ್ಗೆ ಗೋದಾಮಿನಲ್ಲಿ ಒಬ್ಬೊಬ್ಬ ಹೆಂಗಸಿಗೂ ಇಷ್ಟು ಗೂಡು ಅಂತ ತೂಗಿ ಕೊಡಬೇಕು. ಅವರು ಬೇಸಿನ್ನಿನ ಮುಂದೆ ಕೂತು, ಕುದಿಯುವ ನೀರಿಗೆ ಬೆರಳು ಅದ್ದಿ ಎಳೆ ಹಿಡಿದು ನೂಲು ತೆಗೆಯುತ್ತಾರೆ. ಒಣಗಿದ ರೇಷ್ಮೆಯ ಲಡಿಗಳನ್ನು ಸಂಜೆ ರೇಷ್ಮೆ ಕೋಣೆಯಲ್ಲಿ ನಾನೇ ತೂಗಿ ತೆಗೆದುಕೊಳ್ಳಬೇಕು. ಹೋದದ್ದಕ್ಕೂ ಬಂದದ್ದಕ್ಕೂ ತಾಳೆ ಹಾಕಬೇಕು. ಇದರ ಮೊದಲ ಪಾಠವನ್ನು ಕಲಿಸಿದವರು ಮಾಲೀಕರಾದ ಗಫಾರ್ ಸಾಹೇಬರು. ಎತ್ತರದ ಆಳು, ಮೆಹೆಂದಿ ಹಚ್ಚಿದ ಗಡ್ಡ, ಗುಡುಗಿದರೆ ಬಾಯ್ಲರ್ ಸದ್ದೂ ಅಡಗಬೇಕು ಅಂಥ ಗಂಟಲು. ತಂದೆಯ ಕಾಲದಲ್ಲಿ ಅವರ ಮನೆಯ ಹಿತ್ತಿಲಲ್ಲಿ ಕೈಯಲ್ಲಿ ತಿರುಗಿಸಿ ರೇಷ್ಮೆ ತೆಗೆಯುವ ನಾಲ್ಕು ಚರಕ ಇದ್ದವಂತೆ. ಅದನ್ನು ಫಿಲೇಚರ್ ಮಾಡಿದವರು ಇವರು. ಲಡಿಯನ್ನು ಕೆನ್ನೆಗೆ ಒತ್ತಿಕೊಂಡು "ಇನ್ನೂ ಒಣಗಿಲ್ಲ, ತಗೊಂಡ್ ಹೋಗು" ಅನ್ನುತ್ತಿದ್ದರು. ಅವರ ಕೆನ್ನೆ ತಪ್ಪು ಹೇಳಿದ್ದನ್ನು ನಾನು ಕಾಣೆ.

"ಗೂಡು ಕಲ್ಲಲ್ಲ ಕಣ್ಲಾ ಶಿವ್ಲಿಂಗು, ಒಳಗೆ ಜೀವ ಐತೆ" ಅಂತ ಮೊದಲ ದಿನವೇ ಹೇಳಿದರು. "ಇವತ್ತು ತೂಗ್ದಷ್ಟು ನಾಳೆ ಇರಾಕಿಲ್ಲ. ಮಳೆ ಬಂದ್ರೆ ಒಂದು ತೂಕ, ಬಿಸ್ಲು ಬಂದ್ರೆ ಒಂದು ತೂಕ. ತಕ್ಕಡಿ ಮುಂದೆ ಮಾತಾಡ್ಬೇಡ, ನಿನ್ನ ಉಸ್ರೂ ತಟ್ಟೆ ಮೇಲೆ ಬೀಳಬಾರ್ದು." ನಾನು ಉಸಿರು ಬಿಗಿಹಿಡಿದುಕೊಂಡೇ ತೂಗುತ್ತಿದ್ದೆ. ಹಾಗೆ ಉಸಿರು ಬಿಗಿಹಿಡಿದು ತೂಗಿದ ಒಂದು ಬುಟ್ಟಿಯೊಳಗಿಂದ, ಬರೆದುಕೊಂಡು ಮುಗಿಸಿದ ಮೇಲೆ, ಒಂದು ಬೆಕ್ಕಿನ ಮರಿ ಮೈಮುರಿಯುತ್ತ ಎದ್ದು ಬಂತು. ಗಾಡಿಯಲ್ಲಿ ಬರುವಾಗ ಗೂಡಿನ ಬಿಸುಪಿಗೆ ಒಳಗೆ ಸೇರಿ ಮಲಗಿತ್ತು. ಇಡೀ ಗೋದಾಮು ಬಿದ್ದು ಬಿದ್ದು ನಕ್ಕಿತು. ಸಾಹೇಬರು ಮಾತ್ರ ನಗದೆ, "ಬರ್ಕೋ, ಬರ್ಕೋ. ಬೆಕ್ಕಿನ ರೆಂಡಿಟ ಎಷ್ಟು ಬತ್ತದೆ ನೋಡೋಣ" ಅಂದರು.

ಈ ರೆಂಡಿಟ ಅನ್ನುವ ಪದ ನಿಮಗೆ ಗೊತ್ತಿರಬೇಕು. ಒಂದು ಪೌಂಡು ರೇಷ್ಮೆ ತೆಗೆಯಲು ಎಷ್ಟು ಪೌಂಡು ಗೂಡು ಬೇಕಾಯಿತು ಅನ್ನುವ ಲೆಕ್ಕಕ್ಕೆ ರೆಂಡಿಟ ಅನ್ನುತ್ತಾರೆ. ನಮ್ಮ ಕಡೆ ಗೂಡಿಗೆ ಆಗ ಹದಿನಾರರ ಆಸುಪಾಸು ಬರುತ್ತಿತ್ತು. ಹದಿನಾರು ಪೌಂಡು ಗೂಡು ಕೊಟ್ಟರೆ ಒಂದು ಪೌಂಡು ರೇಷ್ಮೆ ವಾಪಸ್ಸು. ಪೌಂಡಿನಲ್ಲಿ ಕೊಡು, ಪೌಂಡಿನಲ್ಲಿ ತಗೋ. ತಲೆನೋವೇ ಇರಲಿಲ್ಲ.

ಅಷ್ಟರಲ್ಲಿ ಕೆಜಿ ಬಂತು.

ಈಗಿನವರಿಗೆ ಆ ಗಲಿಬಿಲಿಯನ್ನು ಹೇಗೆ ಹೇಳಲಿ? ಅದುವರೆಗೆ ಮನೆಯಲ್ಲಿ ಸೇರು, ಅಂಗಡಿಯಲ್ಲಿ ಮಣ, ರೇಷ್ಮೆಗೆ ಪೌಂಡು, ಬಂಗಾರಕ್ಕೆ ತೊಲ. ಒಂದೊಂದು ಸಾಮಾನಿಗೂ ಒಂದೊಂದು ಕಲ್ಲು. ಇವನ್ನೆಲ್ಲ ತೆಗೆದುಹಾಕಿ ದೇಶಕ್ಕೆಲ್ಲ ಒಂದೇ ತೂಕ ಅಂತ ಸರ್ಕಾರ ಹೇಳಿತು. ಅದೆಂಥ ದೊಡ್ಡ ಕೆಲಸ ಅಂತ ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಆಗ ಮಾತ್ರ ಎಲ್ಲರೂ ಬೈದವರೇ. ಬೈದುಕೊಂಡೇ ಕಲಿತೆವು. ಇವತ್ತಿಗೂ ಬೇಕರಿಗೆ ಹೋಗಿ ಒಂದು ಪೌಂಡ್ ಬ್ರೆಡ್ ಕೊಡಿ ಅನ್ನುತ್ತೇವಲ್ಲ, ಅದು ಆ ಕಾಲ ನಾಲಿಗೆಯ ಮೇಲೆ ಬಿಟ್ಟುಹೋದ ಒಂದು ಚೂರು.

ಗೂಡು ತರುವ ರೈತರಿಗಂತೂ ಕೆಜಿ ಅಂದರೆ ಹಗಲು ದರೋಡೆ. ಮಾಗಡಿ ಕಡೆಯ ಗುಡೇಮಾರನಹಳ್ಳಿಯಿಂದ ಹನುಮಂತೇಗೌಡರು ಅಂತ ಒಬ್ಬರು ಬರುತ್ತಿದ್ದರು. ಒಳ್ಳೆಯ ಗೂಡು, ಕೆಟ್ಟ ಕೋಪ. ಗೋದಾಮಿಗೆ ಹೊಸ ಕಲ್ಲು ಬಂದ ಹೊಸತರಲ್ಲಿ ಅವರ ಬುಟ್ಟಿಗಳನ್ನು ತೂಗಿ ಹತ್ತು ಕೆಜಿ ಅಂದೆ.

"ಏನಂದೆ? ಮನೇಲಿ ಇಪ್ಪತ್ತೆರಡು ಪೌಂಡು ತೂಗಿ ತಂದಿವ್ನಿ. ಹತ್ತು ಅಂತೀಯಲ್ಲಲೇ, ಮಿಕ್ಕ ಹನ್ನೆರಡು ಎಲ್ಲೋಯ್ತು? ದಾರೀಲಿ ಹುಳ ಎದ್ದು ಓಡೋದ್ವಾ?"

ನಾನು ಒಂದು ತಟ್ಟೆಗೆ ಹತ್ತು ಕೆಜಿಯ ಹೊಸ ಕಲ್ಲು ಇಟ್ಟೆ. ಇನ್ನೊಂದು ತಟ್ಟೆಗೆ ಹಳೆಯ ಪೌಂಡಿನ ಕಲ್ಲುಗಳನ್ನು ಒಂದೊಂದಾಗಿ ಅವರ ಕೈಯಿಂದಲೇ ಇಡಿಸಿದೆ. ಇಪ್ಪತ್ತೆರಡನೆಯದು ಇಟ್ಟಾಗ ತಕ್ಕಡಿ ನೆಟ್ಟಗೆ ನಿಂತಿತು. ಗೌಡರು ಎರಡೂ ತಟ್ಟೆಯನ್ನು ಬಗ್ಗಿ ನೋಡಿದರು, ತಳವನ್ನೂ ಮುಟ್ಟಿ ನೋಡಿದರು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಕಲ್ಲು ದಪ್ಪ ಆಗೈತೆ, ಅದ್ಕೆ ಲೆಕ್ಕ ಸಣ್ಣ ಆಗೈತೆ. ಅಂಗಂತ ಮೊದ್ಲೇ ಬೊಗುಳ್ಬಾರ್ದೇನ್ಲಾ" ಅಂದರು. ಮುಂದಿನ ಬೆಳೆಗೆ ತಮ್ಮ ಊರಿನ ಇನ್ನೂ ನಾಲ್ಕು ಮನೆಯವರನ್ನು ಕರೆದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿ, ಆ ಕಲ್ಲಿನ ಆಟವನ್ನು ಅವರಿಗೂ ತೋರಿಸು ಅಂದರು. ಬಾಯಿಮಾತಿನಲ್ಲಿ ತೂಕ ಬದಲಾಯಿಸಬೇಡಿ, ಹಳೆಯದನ್ನೂ ಹೊಸದನ್ನೂ ಎದುರುಬದುರು ಕೂರಿಸಿ ಅಂತ ನಿಮಗೆಲ್ಲ ಹೇಳುವುದು ಅದಕ್ಕೇ. ಆದರೆ ಈ ಬುದ್ಧಿ ನನಗೆ ತಾನಾಗಿ ಬಂದದ್ದಲ್ಲ. ಅದಕ್ಕೆ ಮೊದಲು ನಮ್ಮ ಫಿಲೇಚರಿನಲ್ಲಿ ಒಂದು ಪ್ರಸಂಗ ನಡೆದಿತ್ತು. ಅದರಲ್ಲಿ ಒಬ್ಬ ಹೆಂಗಸಿನ ಮಾನವೇ ತಕ್ಕಡಿಗೆ ಬಿದ್ದಿತ್ತು.

ಆ ಹೆಂಗಸು ನಿಂಗಮ್ಮ. ನಮ್ಮ ಬೈರಾಪಟ್ಟಣದವಳೇ, ನನಗೆ ನಿಂಗಕ್ಕ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಗಂಡ ತೀರಿಹೋದ ಮೇಲೆ ಗಫಾರ್ ಸಾಹೇಬರ ತಂದೆಯ ಚರಕಕ್ಕೆ ಬಂದು ಕೂತವಳು, ಅಲ್ಲಿಂದ ಫಿಲೇಚರಿಗೆ ಬಂದಳು. ಸಾಹೇಬರು ಚಡ್ಡಿ ಹಾಕುತ್ತಿದ್ದಾಗ ಎಳೆ ಹಿಡಿಯುವುದನ್ನು ಕಲಿತದ್ದು ಅವಳ ಪಕ್ಕದಲ್ಲಿ ಕೂತು. ಬೇಸಿನ್ ಸಾಲಿನ ಮೊದಲ ಜಾಗ ಅವಳದು. ಸಂಜೆ ಎಲ್ಲ ಹೆಂಗಸರ ಲಡಿಗಳನ್ನು ಒಟ್ಟುಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ನನ್ನ ರೇಷ್ಮೆ ಕೋಣೆಗೆ ತಂದು ಒಪ್ಪಿಸುವುದೂ ಅವಳ ಕೆಲಸವೇ. ಅವಳು ಬಟ್ಟೆ ಬಿಚ್ಚಿ ಲಡಿಗಳನ್ನು ಜೋಡಿಸಿಡುವುದನ್ನು ನೋಡುವುದೇ ಒಂದು ಸೊಗಸು. ಬೆರಳುಗಳು ಬಿಸಿನೀರಿಗೆ ಬೆಂದು ಸುಕ್ಕಾಗಿದ್ದವು, ಆದರೆ ಒಂದು ಎಳೆಯನ್ನೂ ಕೆದರುತ್ತಿರಲಿಲ್ಲ.

ರೇಷ್ಮೆ ಕೊಳ್ಳುವ ಬೆಂಗಳೂರಿನ ವ್ಯಾಪಾರಿಗಳು ಇನ್ನು ಮುಂದೆ ಕೆಜಿಯಲ್ಲೇ ಮಾಲು ಬೇಕು ಅಂದಾಗ, ಸಾಹೇಬರು ರೇಷ್ಮೆ ಕೋಣೆಗೆ ಒಂದು ಹೊಸ ತಕ್ಕಡಿ ತರಿಸಿದರು. ಗಾಜಿನ ಬೀರು, ಹಳದಿ ಮಿಂಚುವ ಹಿತ್ತಾಳೆ ಕಲ್ಲುಗಳು, ಗ್ರಾಂಗೆಲ್ಲ ಸಣ್ಣ ಸಣ್ಣ ಬಿಲ್ಲೆಗಳು. ನಾನು ಅವನ್ನು ದಿನಾ ಮಸ್ಲಿನ್ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಗೋದಾಮಿನ ದೊಡ್ಡ ತಕ್ಕಡಿಗೆ ಬೇಕಾದ ಕಬ್ಬಿಣದ ಹೊಸ ಕಲ್ಲುಗಳು ಮಾತ್ರ ಬರುವುದು ತಡವಾಯಿತು. ಎಲ್ಲರೂ ಒಟ್ಟಿಗೆ ಕೇಳಿದರೆ ಎಲ್ಲಿಂದ ತರುತ್ತಾರೆ? ಹಾಗಾಗಿ ಗೂಡನ್ನು ಹಳೆಯ ಪೌಂಡಿನಲ್ಲೇ ತೂಗುವುದು, ರೈತರ ಜೊತೆ ವ್ಯವಹಾರವನ್ನೂ ಪೌಂಡಿನಲ್ಲೇ ಮಾಡುವುದು, ಆದರೆ ಲೆಕ್ಕವನ್ನು ಹೊಸ ಪದ್ಧತಿಯಲ್ಲಿ ಕೆಜಿಗೆ ಬರೆಯುವುದು ಅಂತಾಯಿತು.

"ಪೌಂಡನ್ನ ಕೆಜಿ ಮಾಡೋದು ಹೆಂಗೆ ಸಾಹೇಬ್ರೆ?" ಅಂತ ಕೇಳಿದೆ.

"ಅದೇನು ಮಹಾ! ಎರಡು ಪೌಂಡಿಗೆ ಒಂದು ಕೆಜಿ. ಬಜಾರಲ್ಲಿ ಯಾರ್ನ ಬೇಕಾದ್ರೂ ಕೇಳು. ಅರ್ಧ ಮಾಡಿ ಬರ್ಕೋ."

ಬಜಾರಿನಲ್ಲಿ ನಿಜವಾಗಿಯೂ ಹಾಗೇ ಅನ್ನುತ್ತಿದ್ದರು. ಕಾಫಿಪುಡಿ, ಬೆಣ್ಣೆ, ಬಟ್ಟೆ ಸೋಪು ಎಲ್ಲದಕ್ಕೂ ಪೌಂಡು ಅಂದರೆ ಅರ್ಧ ಕೆಜಿ. ಅರ್ಧ ಮಾಡುವುದಕ್ಕೆ ಪೆನ್ಸಿಲ್ಲೂ ಬೇಡ. ಬೆಳಿಗ್ಗೆ ಒಬ್ಬಳಿಗೆ ಹದಿನಾರು ಪೌಂಡು ಗೂಡು ಕೊಟ್ಟರೆ ಎಂಟು ಕೆಜಿ ಅಂತ ಬರೆಯುತ್ತಿದ್ದೆ. ಸಂಜೆ ಅವಳ ಲಡಿಯನ್ನು ಹಿತ್ತಾಳೆ ಕಲ್ಲಿನಲ್ಲಿ ತೂಗುತ್ತಿದ್ದೆ. ಎಂಟು ಕೆಜಿಗೆ ಹದಿನಾರರ ರೆಂಡಿಟದಲ್ಲಿ ಅರ್ಧ ಕೆಜಿ, ಅಂದರೆ ಐನೂರು ಗ್ರಾಂ ಬರಬೇಕು. ಬರುತ್ತಿದ್ದದ್ದು ನಾನೂರ ಐವತ್ತು ಚಿಲ್ಲರೆ.

ಮೊದಲ ದಿನ ಗೂಡು ಜೊಳ್ಳು ಅಂದುಕೊಂಡೆವು. ಎರಡನೇ ದಿನ ರೇಷ್ಮೆ ಹೆಚ್ಚು ಒಣಗಿದೆ ಅಂದುಕೊಂಡೆವು. ವಾರ ಕಳೆದರೂ ಎಲ್ಲ ಬೇಸಿನ್ನಿನಲ್ಲೂ ಅದೇ ಕತೆ. ಹತ್ತರಲ್ಲಿ ಒಂದು ಪಾಲು ರೇಷ್ಮೆ ಗಾಳಿಯಲ್ಲಿ ಕರಗಿ ಹೋದಂತೆ ಮಾಯ. ಸಾಹೇಬರು ರೇಷ್ಮೆ ಕೋಣೆಗೆ ಬಂದು, ಲಡಿ ಕೆನ್ನೆಗೆ ಒತ್ತಿಕೊಂಡು, ಮಾತಾಡದೆ ಹೊರಟುಹೋಗುತ್ತಿದ್ದರು. ಗುಡುಗುವ ಮನುಷ್ಯ ಮೌನವಾದರೆ ಹೆದರಿಕೆ ಇನ್ನೂ ಜಾಸ್ತಿ.

ಗೇಟಿನಲ್ಲಿ ತಪಾಸಣೆ ಶುರುವಾಯಿತು. ಪೇಟೆಯಿಂದ ಒಬ್ಬ ಹೆಂಗಸನ್ನು ಅದಕ್ಕೆಂದೇ ಗೊತ್ತು ಮಾಡಿದರು. ಸಂಜೆ ಗಂಟೆ ಹೊಡೆದ ಮೇಲೆ ಹೆಂಗಸರು ಸಾಲಾಗಿ ನಿಲ್ಲಬೇಕು. ಅವಳು ಒಬ್ಬೊಬ್ಬರ ಸೆರಗು ಕೊಡವಿ, ತುರುಬು ಬಿಚ್ಚಿಸಿ, ಊಟದ ಡಬ್ಬಿ ತೆಗೆಸಿ ನೋಡುತ್ತಿದ್ದಳು. ಹತ್ತಿರದಲ್ಲೇ ರಸ್ತೆ, ಚನ್ನಪಟ್ಟಣದ ಬಸ್ಸುಗಳು ಹೋಗುವ ದಾರಿ. ಬಸ್ಸಿನಲ್ಲಿದ್ದವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮದುವೆಯಾಗದ ಹುಡುಗಿಯರು ತಲೆ ತಗ್ಗಿಸಿ ಅಳುತ್ತಿದ್ದರು. ಒಂದು ಎಳೆ ರೇಷ್ಮೆಯೂ ಸಿಗಲಿಲ್ಲ.

ಯಾರ ಹತ್ತಿರವೂ ಸಿಗದಿದ್ದರೆ, ಎಲ್ಲರ ರೇಷ್ಮೆಯೂ ಯಾರ ಕೈ ದಾಟಿ ಬರುತ್ತದೋ ಅವರ ಮೇಲೆ ಕಣ್ಣು ಬೀಳುತ್ತದೆ. ಬೇಸಿನ್ನಿನಿಂದ ನನ್ನ ಕೋಣೆಯವರೆಗೆ ರೇಷ್ಮೆ ಇರುತ್ತಿದ್ದದ್ದು ನಿಂಗಕ್ಕನ ಕೈಯಲ್ಲಿ. ಒಂದು ಮಧ್ಯಾಹ್ನ ಸಾಹೇಬರು ಅವಳನ್ನು ಕರೆಸಿದರು. ನಾನು ಅಲ್ಲೇ ನಿಂತಿದ್ದೆ.

"ನಿಂಗಮ್ಮಾ, ಒಸಿ ದಿನ ಮನೇಲಿರು. ನಾನು ಹೇಳ್ಕಳಿಸ್ತೀನಿ" ಅಂದರು. ಅವಳ ಮುಖ ನೋಡದೆ, ಕಿಟಕಿಯ ಕಡೆ ತಿರುಗಿ ಅಂದರು.

ನಿಂಗಕ್ಕ, "ನನ್ನ ಕಳ್ಳಿ ಅಂತೀರಾ?" ಅಂದಳು.

"ನಾನೇನೂ ಅನ್ನಲಿಲ್ಲ."

"ಅಂದ್ಬುಡಿ ಸಾಹೇಬ್ರೆ, ಅಂದ್ರೆ ವಾಸಿ. ಗೇಟಲ್ಲಿ ನನ್ನ ತುರುಬು ಬಿಚ್ಚಿಸ್ದಾಗ್ಲೇ ಅಂದಂಗಾಯ್ತು. ಒಂದು ಮಾತು ಕೇಳ್ತೀನಿ. ನಾನು ಹೋದ್ಮೇಲೂ ರೇಷ್ಮೆ ಕಮ್ಮಿ ಬಂದ್ರೆ ಆಗ ಯಾರ್ನ ಕಳಿಸ್ತೀರಿ?"

ಅವಳು ಬೇಸಿನ್ನಿನ ಹತ್ತಿರ ಹೋಗಿ, ತನ್ನ ಮಣೆಯನ್ನು ತೊಳೆದು ಗೋಡೆಗೆ ಒರಗಿಸಿಟ್ಟು ಹೋದಳು. ಆವತ್ತು ಸಂಜೆ ಬಸ್ಸಿನಲ್ಲಿ ನಮ್ಮೂರಿನ ಕಡೆಯವರು ಪಿಸುಪಿಸು ಮಾತಾಡುತ್ತಿದ್ದರು. "ರೇಷ್ಮೆ ಕದ್ಲಂತೆ." "ವಯಸ್ಸಾದ್ಮೇಲೆ ಇದ್ಯಾಕ್ ಬೇಕಿತ್ತು?" ಆ ಮನೆಯಲ್ಲಿ ಅವಳೊಬ್ಬಳ ದುಡಿಮೆಯ ಮೇಲೇ ಹೊಟ್ಟೆಪಾಡು ನಡೆಯುತ್ತಿತ್ತು. ಹೊಟ್ಟೆಯದು ಹೇಗೋ ಆಗುತ್ತದೆ. ಊರಿನ ಬಾಯಿಗೆ ಬಿದ್ದ ಹೆಸರನ್ನು ಯಾರು ತಂದುಕೊಡುತ್ತಾರೆ?

ಮರುದಿನ ಲಡಿಗಳನ್ನು ನಾನೇ ಹೋಗಿ ತಂದೆ. ತೂಗಿದೆ. ಅಷ್ಟೇ ಕಮ್ಮಿ. ಅದರ ಮರುದಿನ ಸಾಹೇಬರೇ ಜೊತೆಗೆ ಬಂದರು. ಅಷ್ಟೇ ಕಮ್ಮಿ.

ಈಗ ಗಫಾರ್ ಸಾಹೇಬರು ಮಾಡಿದ್ದನ್ನು ಹೇಳುತ್ತೇನೆ. ಎಷ್ಟೋ ಮಾಲೀಕರನ್ನು ನೋಡಿದ್ದೇನೆ, ಇಂಥದ್ದನ್ನು ಇನ್ನೊಬ್ಬರು ಮಾಡಿದ್ದನ್ನು ನೋಡಿಲ್ಲ. ಅವರು ಬೆಳಿಗ್ಗೆ ಕೋಟು ಬಿಚ್ಚಿ ಗೋಡೆಯ ಗೂಟಕ್ಕೆ ಹಾಕಿ, ಅಂಗಿಯ ತೋಳು ಮಡಚಿ, ಗೋಡೆಗೆ ಒರಗಿಸಿದ್ದ ನಿಂಗಕ್ಕನ ಮಣೆಯನ್ನು ತಾವೇ ಎತ್ತಿ ಹಾಕಿಕೊಂಡು ಬೇಸಿನ್ನಿನ ಮುಂದೆ ಕೂತುಬಿಟ್ಟರು.

"ಹದಿನಾರು ಪೌಂಡು ತೂಗ್ಲಾ ಶಿವ್ಲಿಂಗು. ನನ್ನ ಕಣ್ಣೆದುರ್ಗೆ ತೂಗು. ಇವತ್ತು ಈ ರೇಷ್ಮೆನ ನನ್ನ ಕೈ ಬಿಟ್ಟು ಯಾರ ಕೈಯೂ ಮುಟ್ಟಬಾರ್ದು."

ಹೆಂಗಸರೆಲ್ಲ ತಮ್ಮ ಕೆಲಸ ಬಿಟ್ಟು ನೋಡುತ್ತಿದ್ದರು. ನಾನು ಅವರ ಬೆರಳು ಬೇಯುತ್ತದೆ ಅಂತ ಹೆದರಿದ್ದೆ. ಬೇಯಿತು ಕೂಡ. ಆದರೂ ಅವರು ಚರಕದ ಮನೆಯ ಮಗ. ಮೊದಲು ತಡವರಿಸಿದ ಕೈ ಆಮೇಲೆ ಹದಕ್ಕೆ ಬಂತು. ಗೂಡುಗಳು ನೀರಿನ ಮೇಲೆ ಕುಣಿಯುತ್ತ ಎಳೆ ಬಿಟ್ಟುಕೊಟ್ಟವು. ಊಟಕ್ಕೂ ಎದ್ದು ಹೋಗಲಿಲ್ಲ. ಮನೆಯಿಂದ ಬಂದ ಬುತ್ತಿಯನ್ನು ಅಲ್ಲೇ ಪಕ್ಕದಲ್ಲಿ ಇಟ್ಟುಕೊಂಡು ತಿಂದರು. ನೂಲು ಮುಗಿಸಿ, ಲಡಿ ಕಟ್ಟಿ, ಒಣಗಿಸಿ, ಸಂಜೆ ತಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆಗೆದು, ಲಡಿಯನ್ನು ಕೆನ್ನೆಗೆ ಒತ್ತಿ ನೋಡಿ, ತಾವೇ ತಟ್ಟೆಯ ಮೇಲೆ ಇಟ್ಟರು. ನಾನು ಹಿತ್ತಾಳೆ ಕಲ್ಲುಗಳನ್ನು ಒಂದೊಂದಾಗಿ ಹಾಕಿದೆ. ನಾನೂರು. ಐವತ್ತು. ತಕ್ಕಡಿ ನಿಂತೇಬಿಟ್ಟಿತು.

ಅವರು ಮುಳ್ಳನ್ನೇ ನೋಡುತ್ತ ನಿಂತಿದ್ದರು. ನಾನು ಅವರ ಮುಖ ನೋಡುವ ಧೈರ್ಯ ಮಾಡಲಿಲ್ಲ.

"ಐವತ್ತು ಗ್ರಾಂ ಕಮ್ಮಿ" ಅಂದರು ಮೆಲ್ಲಗೆ. "ನನ್ನ ಫಿಲೇಚರಲ್ಲಿ, ನನ್ನ ಗೂಡಲ್ಲಿ, ನಾನೇ ಕದ್ಬುಟ್ನಲ್ಲೋ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಒಂದು ಗಳಿಗೆ ತಲೆ ಹಿಡಿದುಕೊಂಡು ಕೂತರು. ಆಮೇಲೆ ತಟಕ್ಕನೆ ಎದ್ದರು. ಕದ್ದವರು ಯಾರೂ ಇಲ್ಲ ಅಂತ ಖಚಿತವಾದ ಮೇಲೆ ಉಳಿದದ್ದು ತಕ್ಕಡಿ ಮತ್ತು ಕಲ್ಲು ಮಾತ್ರ ತಾನೇ? ಬೀರಿನಿಂದ ಒಂದು ಕೆಜಿ ಹಿತ್ತಾಳೆ ಕಲ್ಲನ್ನು ತೆಗೆದುಕೊಂಡು ಗೋದಾಮಿಗೆ ನಡೆದರು. ನಾನು ಹಿಂದೆ ಓಡಿದೆ. ಯೋಚಿಸಿ ನೋಡಿ, ಒಂದೇ ಸೂರಿನ ಕೆಳಗೆ ಇದ್ದರೂ ಆ ಕೋಣೆಯ ಕಲ್ಲು ಈ ಕೋಣೆಯ ಕಲ್ಲನ್ನು ಅದುವರೆಗೆ ಒಂದು ಸಲವೂ ಭೇಟಿಯಾಗಿರಲಿಲ್ಲ. ಹಿತ್ತಾಳೆಯದಕ್ಕೆ ಗೋದಾಮಿನ ಧೂಳು ತಾಗಬಾರದು ಅಂತ ನಾನೇ ಜೋಪಾನವಾಗಿ ಬೀರಿನಲ್ಲಿಟ್ಟಿದ್ದೆ.

ಸಾಹೇಬರು ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಕೆಜಿ ಕಲ್ಲು ಇಟ್ಟರು. ಇನ್ನೊಂದಕ್ಕೆ ಎರಡು ಪೌಂಡು ಇಟ್ಟರು. ಸಮ ನಿಲ್ಲಬೇಕಿತ್ತು. ಕೆಜಿ ಇದ್ದ ತಟ್ಟೆ ಇಳಿಯಿತು, ಪೌಂಡಿನ ತಟ್ಟೆ ಮೇಲೆ ಹೋಯಿತು. ಪೌಂಡಿನ ಕಡೆಗೆ ಔನ್ಸಿನ ಕಲ್ಲುಗಳನ್ನು ಹಾಕುತ್ತ ಹೋದೆವು. ಮೂರು ಹಾಕಿದ ಮೇಲೂ ಸ್ವಲ್ಪ ಎಳೆಯುತ್ತಿತ್ತು.

ಎರಡು ಪೌಂಡು ಒಂದು ಕೆಜಿ ಆಗುವುದಿಲ್ಲ. ಎರಡು ಪೌಂಡು, ಅದರ ಮೇಲೆ ಪೌಂಡಿನ ಐದನೇ ಒಂದು ಪಾಲು ಬೇಕು. ಹದಿನಾರು ಪೌಂಡು ಗೂಡು ಎಂದರೆ ಏಳೂಕಾಲು ಕೆಜಿ, ಎಂಟಲ್ಲ. ಗೂಡನ್ನು ನಾವು ಪುಸ್ತಕದಲ್ಲಿ ಉಬ್ಬಿಸಿ ಬರೆದಿದ್ದೆವು, ರೇಷ್ಮೆಯನ್ನು ಮಾತ್ರ ಸರಿಯಾದ ಕಲ್ಲಿನಲ್ಲಿ ತೂಗಿದ್ದೆವು. ಆ ಉಬ್ಬಿದ ಗೂಡಿಗೆ ತಕ್ಕ ರೇಷ್ಮೆಯನ್ನು ನಿಂಗಕ್ಕ ಎಲ್ಲಿಂದ ತಂದುಕೊಡಬೇಕಿತ್ತು? ಹೆಂಗಸರು ಕೊಟ್ಟದ್ದು ಯಾವತ್ತಿನ ಹಾಗೆ ಹದಿನಾರಕ್ಕೆ ಒಂದು ಪೌಂಡೇ. ಹುಟ್ಟದೇ ಇದ್ದ ರೇಷ್ಮೆಗಾಗಿ ಅವರ ತುರುಬು ಬಿಚ್ಚಿಸಿದ್ದೆವು.

"ತೋಬಾ, ತೋಬಾ" ಅಂತ ಸಾಹೇಬರು ಎರಡೂ ಕೆನ್ನೆ ಮುಟ್ಟಿಕೊಂಡರು. ಬಜಾರಿನವರನ್ನು ಬಯ್ಯಬಹುದಿತ್ತು, ಬರೆದುಕೊಂಡ ನನ್ನನ್ನು ಬಯ್ಯಬಹುದಿತ್ತು. ಬಯ್ಯಲಿಲ್ಲ. "ಅರ್ಧ ಮಾಡು ಅಂದೋನು ನಾನು. ಜಟಕಾ ಕಟ್ಟಕ್ ಹೇಳು" ಅಂದರು.

ಬೈರಾಪಟ್ಟಣಕ್ಕೆ ಹೋದೆವು. ನಿಂಗಕ್ಕ ಮನೆಯ ಮುಂದೆ ರಾಗಿ ಹಸನು ಮಾಡುತ್ತಿದ್ದಳು. ಜಟಕಾ ನೋಡಿ ಎದ್ದು ಸೆರಗು ಸರಿಮಾಡಿಕೊಂಡಳು. ಸಾಹೇಬರು ನಡೆದದ್ದನ್ನೆಲ್ಲ ಹೇಳಿ, "ತಪ್ಪು ನಂದು ನಿಂಗಮ್ಮ. ನಡಿ, ಜಟಕಾ ಹತ್ತು" ಅಂದರು.

ಅವಳು ಮೊರ ಕೆಳಗಿಟ್ಟಳು. "ನನ್ನ ಬಾಗ್ಲಲ್ಲಿ ಬಂದು ಹೇಳುದ್ರಿ, ದೊಡ್ಡೋರು. ಆದ್ರೆ ನಾನು ಕಳ್ಳಿ ಆಗಿದ್ದು ಇಲ್ಲಲ್ಲ, ಪಿಲೇಚರ್ ಗೇಟಲ್ಲಿ. ಬಸ್ಸಲ್ಲಿರೋರೆಲ್ಲ ನೋಡ್ದಂಗೆ. ಇದ್ನೂ ಅಲ್ಲೇ ಹೇಳಿ. ಗಂಟೆ ಹೊಡ್ಯೋ ಹೊತ್ಗೆ ನಾನೇ ಬತ್ತೀನಿ."

ನಾನು ಉಸಿರು ಬಿಗಿಹಿಡಿದೆ. ಸಾಹೇಬರ ಕೋಪ ನನಗೆ ಗೊತ್ತು. ಅವರು ತಲೆಯಾಡಿಸಿ, "ಸರಿಯಾಗ್ ಹೇಳ್ದೆ" ಅಂದು ಜಟಕಾ ಹತ್ತಿದರು. ವಾಪಸ್ಸು ಬಂದವರು ಸುಮ್ಮನೆ ಕೂರಲಿಲ್ಲ. ಸಂಜೆಯವರೆಗೂ ನಿಂಗಕ್ಕನ ಬೇಸಿನ್ನಿನಲ್ಲಿ ಕೂತು, ಅವಳ ಪಾಲಿನ ಗೂಡನ್ನು ಬಿಚ್ಚಿದರು.

ಗಂಟೆ ಹೊಡೆಯಿತು. ಹೆಂಗಸರು ದಿನದ ಹಾಗೆ ಸಾಲಾಗಿ ನಿಂತರು. ನಿಂಗಕ್ಕ ಗೇಟಿನ ಹೊರಗೆ ಬಂದು ನಿಂತಿದ್ದಳು. ಚನ್ನಪಟ್ಟಣದ ಬಸ್ಸು ಅಲ್ಲೇ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು, ಕಿಟಕಿಯ ತುಂಬ ಮುಖಗಳು. ಸಾಹೇಬರು ನನ್ನ ಕೈಯಲ್ಲಿ ಸಣ್ಣ ತಕ್ಕಡಿ ಹಿಡಿಸಿ, ಒಂದು ಕೆಜಿಯನ್ನೂ ಎರಡು ಪೌಂಡನ್ನೂ ಇಡಿಸಿ, ಎಲ್ಲರಿಗೂ ಕಾಣುವ ಹಾಗೆ ಎತ್ತಲು ಹೇಳಿದರು. ಆಮೇಲೆ ಅವರ ಗಂಟಲು ಎಂದಿನ ಹಾಗೆ ಗುಡುಗಿತು.

"ನೋಡ್ರಮ್ಮಾ, ರೇಷ್ಮೆ ಯಾರೂ ಕದ್ದಿಲ್ಲ. ನನ್ನ ಲೆಕ್ಕ ತಪ್ಪು. ಎರಡು ಪೌಂಡಿಗೆ ಒಂದು ಕೆಜಿ ಅಂತ ನಾನು ಬರ್ಸಿದ್ದು ತಪ್ಪು. ಆ ಲೆಕ್ಕದಲ್ಲಿ ನಿನ್ನೆ ನಾನು ಕೂತು ತೆಗ್ದ ರೇಷ್ಮೆನೂ ಕಮ್ಮಿ ಬಂತು. ಅಂದ್ಮೇಲೆ ನಾನೂ ಕಳ್ಳನೇ. ನಿಮ್ನೆಲ್ಲ ಹೆಂಗೆ ನಿಲ್ಲಿಸಿ ನೋಡುದ್ರೋ ನನ್ನೂ ಹಂಗೇ ನೋಡಿ."

ಹೀಗೆ ಹೇಳಿ, ಗೇಟಿನ ಹತ್ತಿರ ಹೋಗಿ, ನಿಂಗಕ್ಕನ ಮುಂದೆ ಎರಡೂ ತೋಳು ಚಾಚಿ ನಿಂತುಕೊಂಡರು. "ನೀನೇ ತಡ್ಕಿ ನೋಡು ನಿಂಗಮ್ಮ."

ಬಸ್ಸಿನ ಕಂಡಕ್ಟರು ವಿಸಿಲ್ ಊದುವುದನ್ನು ಮರೆತಿದ್ದ. ಅವಳು ಬೇಡ ಅನ್ನುತ್ತಾಳೆ, ಕಾಲಿಗೆ ಬೀಳುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ನಿಂಗಕ್ಕ ಹಾಗೇನೂ ಮಾಡಲಿಲ್ಲ. ನಿಧಾನವಾಗಿ ಹತ್ತಿರ ಬಂದಳು. ಅವರ ಟೋಪಿ ತೆಗೆಸಿ ನೋಡಿದಳು. ಜೇಬನ್ನು ಹೊರಗೆ ಎಳೆಸಿದಳು. ಅಂಗಿಯ ತೋಳಿನ ಮಡಿಕೆ ಬಿಚ್ಚಿದಳು. ಬಿಚ್ಚಿದ ಮಡಿಕೆಯ ಒಳಗೆ, ಮಧ್ಯಾಹ್ನದಿಂದ ಕೂತು ನೂಲು ತೆಗೆದಾಗ ಅಂಟಿಕೊಂಡಿದ್ದ ಒಂದು ರೇಷ್ಮೆ ಎಳೆ ಸಂಜೆಯ ಬಿಸಿಲಿಗೆ ಮಿಂಚಿತು.

ಅದನ್ನು ತನ್ನ ಬೆಂದ ಬೆರಳುಗಳಲ್ಲಿ ಹುಷಾರಾಗಿ ಬಿಡಿಸಿಕೊಂಡಳು. ಬಸ್ಸಿನ ಕಡೆಗೆ ಎತ್ತಿ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ತಕ್ಕಳಪ್ಪ ಶಿವ್ಲಿಂಗು, ಇದ್ನೂ ತೂಕುಕ್ಕೆ ಹಾಕ್ಬುಡು. ಆಮೇಕೆ ಕಮ್ಮಿ ಬಂತು ಅಂತ ಯಾರ್ನೂ ಕೇಳ್ಬಾರ್ದು" ಅಂದಳು.

ಮೊದಲು ನಕ್ಕದ್ದು ಸಾಹೇಬರು. ನಗುತ್ತ ನಗುತ್ತ ಅವರ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು. ಆಮೇಲೆ ಹೆಂಗಸರು, ಆಮೇಲೆ ಬಸ್ಸು. ತಪಾಸಣೆಗೆ ಬಂದಿದ್ದ ಹೆಂಗಸು ಅದರ ನಡುವೆಯೇ ತನ್ನ ಚೀಲ ತೆಗೆದುಕೊಂಡು ಹೊರಟುಹೋದಳು. ಆ ಗೇಟಿನಲ್ಲಿ ಮತ್ತೆ ಯಾರನ್ನೂ ತಡಕಿದ್ದನ್ನು ನಾನು ನೋಡಲಿಲ್ಲ.

ನಾನು ರೇಷ್ಮೆ ಕೋಣೆಗೆ ಹೋಗಿ ಬೀರು ತೆರೆದೆ. ಅವಳು ಹೇಳಿದ್ದಳಲ್ಲ, ಆ ಎಳೆಯನ್ನು ತಟ್ಟೆಯ ಮೇಲೆ ಇಟ್ಟೆ. ಉಸಿರು ಬಿಗಿಹಿಡಿದು ನೋಡಿದೆ. ಮುಳ್ಳು ಅಲುಗಲಿಲ್ಲ.